ಅಪ್ಡೇಟ್ ಆದ ಮೇಲೆ ವಾಚ್‌ನಲ್ಲಿ ಕರೆ ಆಗುತ್ತಿಲ್ಲವೇ? ರೀಸೆಟ್‌ಗೆ ಮುಂಚೆ ಇದನ್ನು ನೋಡಿ

ವಾಚ್‌ಗೆ ಹೊಸ ಅಪ್ಡೇಟ್ ಹಾಕಿದ್ದೀರಿ. ಹೆಜ್ಜೆ ಎಣಿಸುತ್ತಿದೆ, ವಾಟ್ಸಾಪ್ ಮೆಸೇಜ್ ಬರುತ್ತಿದೆ, ಟೈಮೂ ಸರಿಯಿದೆ. ಕರೆ ಮಾತ್ರ ಆಗುತ್ತಿಲ್ಲ. ನಂಬರ್ ಒತ್ತಿದರೆ ಒಂದೆರಡು ಸೆಕೆಂಡ್‌ನಲ್ಲಿ ಕಟ್ ಆಗುತ್ತದೆ. ಇಲ್ಲವೇ ಕರೆ ಹೋಗುತ್ತದೆ, ಆದರೆ ಮಾತು ಕೇಳುವುದಿಲ್ಲ. ಅಂಗಡಿಯಲ್ಲಿ ಕೇಳಿದರೂ ಕಸ್ಟಮರ್ ಕೇರ್‌ನಲ್ಲಿ ಕೇಳಿದರೂ ಬರುವ ಉತ್ತರ ಒಂದೇ: "ಫ್ಯಾಕ್ಟರಿ ರೀಸೆಟ್ ಮಾಡಿ ನೋಡಿ ಸರ್."

ದಯವಿಟ್ಟು ಅದನ್ನು ಕೊನೆಗೆ ಇಟ್ಟುಕೊಳ್ಳಿ. ರೀಸೆಟ್ ಮಾಡಿದರೆ ವಾಚ್‌ನಲ್ಲಿ ಉಳಿದಿರುವ ಲೆಕ್ಕ, ಅಲಾರಂ, ಸೇವ್ ಮಾಡಿದ ನಂಬರ್ ಎಲ್ಲ ಹೋಗುತ್ತವೆ. ಎಷ್ಟೋ ಸಲ ತೊಂದರೆ ಇರುವುದು ಫೋನ್ ಕಡೆ. ಆಗ ವಾಚನ್ನು ಎಷ್ಟು ಸಲ ರೀಸೆಟ್ ಮಾಡಿದರೂ ಪ್ರಯೋಜನ ಇಲ್ಲ. ಎಲ್ಲಿ ಕೆಟ್ಟಿದೆ ಎಂದು ಮೊದಲು ಗೊತ್ತಾಗಬೇಕು. ಅದನ್ನು ಮನೆಯಲ್ಲೇ ಕುಳಿತು, ಇನ್ನೊಂದು ಫೋನ್ ಹತ್ತಿರ ಇಟ್ಟುಕೊಂಡು ಕಂಡುಹಿಡಿಯಬಹುದು.

ನಾನಿಲ್ಲಿ ಹೆಚ್ಚಾಗಿ ಹೇಳುವುದು ಬ್ಲೂಟೂತ್ ಕಾಲಿಂಗ್ ವಾಚ್‌ಗಳ ಬಗ್ಗೆ. ಅಂದರೆ ತನ್ನದೇ ಸಿಮ್ ಇಲ್ಲದ, ಜೇಬಿನಲ್ಲಿರುವ ಫೋನ್ ಮೂಲಕ ಮಾತಾಡಿಸುವ ವಾಚ್‌ಗಳು. ನಮ್ಮಲ್ಲಿ ಜಾಸ್ತಿ ಜನ ಕಟ್ಟಿಕೊಂಡಿರುವುದು ಇವನ್ನೇ. ಆ್ಯಪಲ್ ವಾಚ್ ಮತ್ತು ಒಳಗೇ ಸಿಮ್ ಇರುವ ಇ-ಸಿಮ್ ವಾಚ್‌ಗಳ ವಿಷಯ ಆಮೇಲೆ ಬರುತ್ತದೆ.

ಮೆಸೇಜ್ ಬರುತ್ತದೆ, ಕರೆ ಯಾಕಿಲ್ಲ?

ವಾಚ್ ಮತ್ತು ಫೋನ್ ನಡುವೆ ಇರುವುದು ಒಂದು ಬ್ಲೂಟೂತ್ ಸಂಪರ್ಕ ಅಲ್ಲ, ಎರಡು. ಇದನ್ನು ತಿಳಿದುಕೊಂಡರೆ ಅರ್ಧ ಕೆಲಸ ಮುಗಿದಂತೆ.

ಮೊದಲನೆಯದು ಬ್ಲೂಟೂತ್ ಲೋ ಎನರ್ಜಿ. ಹೆಜ್ಜೆ ಲೆಕ್ಕ, ಎದೆಬಡಿತ, ಮೆಸೇಜ್, ಹವಾಮಾನ ಇವೆಲ್ಲ ಇದರಲ್ಲಿ ಓಡಾಡುತ್ತವೆ. ಬ್ಯಾಟರಿ ಬಹಳ ಕಡಿಮೆ ಸಾಕು. ವಾಚ್‌ನ ಆ್ಯಪ್ ಮಾತಾಡುವುದು ಈ ದಾರಿಯಲ್ಲೇ.

ಎರಡನೆಯದು ಹಳೆಯ ಕಾಲದಿಂದ ಇರುವ ಬ್ಲೂಟೂತ್ ಕ್ಲಾಸಿಕ್. ಕರೆಯ ಧ್ವನಿ ಹೋಗುವುದು ಇದರಲ್ಲಿ. ಕಾರಿನ ಸ್ಟೀರಿಯೋ, ಕಿವಿಗೆ ಹಾಕುವ ಹೆಡ್‌ಸೆಟ್ ಬಳಸುವ ಹ್ಯಾಂಡ್ಸ್-ಫ್ರೀ ಪ್ರೊಫೈಲ್ ಅನ್ನೇ ವಾಚ್ ಕೂಡ ಬಳಸುತ್ತದೆ. ಫೋನ್‌ನ ಕಣ್ಣಿಗೆ ನಿಮ್ಮ ವಾಚ್ ಒಂದು ಹೆಡ್‌ಸೆಟ್ ಅಷ್ಟೇ.

ಮನೆಯಲ್ಲಿ ದೀಪ ಉರಿಯುತ್ತಿದೆ ಅಂದಮಾತ್ರಕ್ಕೆ ನಲ್ಲಿಯಲ್ಲಿ ನೀರು ಬರುತ್ತದೆ ಅನ್ನಲಾಗುವುದಿಲ್ಲ ಅಲ್ವಾ? ಇದೂ ಹಾಗೇ. ಮೆಸೇಜ್ ಬರುತ್ತಿದೆ ಎನ್ನುವುದು ಕರೆಯ ಸಂಪರ್ಕದ ಬಗ್ಗೆ ಏನನ್ನೂ ಹೇಳುವುದಿಲ್ಲ. ಆ್ಯಪ್‌ನಲ್ಲಿ 'ಕನೆಕ್ಟೆಡ್' ಅಂತ ಹಸಿರು ಅಕ್ಷರದಲ್ಲಿ ಬರೆದಿದ್ದರೂ ಅದು ಮೊದಲನೇ ದಾರಿಯ ಮಾತು.

ಅಪ್ಡೇಟ್ ಆದಾಗ ಏನಾಗುತ್ತದೆ? ಪೇರ್ ಮಾಡುವಾಗ ಫೋನ್ ಮತ್ತು ವಾಚ್ ಎರಡೂ ಒಂದು ಗುಟ್ಟಿನ ಕೀ ಉಳಿಸಿಟ್ಟುಕೊಳ್ಳುತ್ತವೆ. ಮುಂದಿನ ಸಲ ಆ ಕೀ ಹೊಂದಿದರೆ ಮಾತ್ರ ಸಂಪರ್ಕ. ಅಪ್ಡೇಟ್‌ನಲ್ಲಿ ವಾಚ್ ಕಡೆಯ ಕೀ ಅಳಿಸಿಹೋಗಿ, ಫೋನ್‌ನಲ್ಲಿ ಹಳೆಯದೇ ಉಳಿದರೆ ಕ್ಲಾಸಿಕ್ ಸಂಪರ್ಕ ನಿಂತುಹೋಗುತ್ತದೆ. ಬ್ಲೂಟೂತ್ 4.2 ಬಂದ ಮೇಲೆ ಒಂದೇ ಸಲ ಪೇರ್ ಮಾಡಿ ಎರಡೂ ದಾರಿಗೆ ಕೀ ಪಡೆಯುವ ವ್ಯವಸ್ಥೆ ಇದೆ. ಆದರೆ ಕಡಿಮೆ ಬೆಲೆಯ ಎಷ್ಟೋ ವಾಚ್‌ಗಳಲ್ಲಿ ಈಗಲೂ ಎರಡು ಸಲ ಪೇರ್ ಮಾಡಬೇಕು. ಫೋನ್‌ನ ಬ್ಲೂಟೂತ್ ಪಟ್ಟಿಯಲ್ಲಿ ಒಂದೇ ವಾಚ್ ಎರಡು ಹೆಸರಲ್ಲಿ ಕಾಣುವುದು, ಒಂದರ ಕೊನೆಗೆ 'ಆಡಿಯೋ' ಅಥವಾ 'ಕಾಲ್' ಅಂತ ಇರುವುದು ಇದಕ್ಕೇ.

ಮೊದಲ ಪರೀಕ್ಷೆ

ವಾಚ್ ಮತ್ತು ಫೋನ್ ಒಂದೇ ಮೇಜಿನ ಮೇಲಿರಲಿ. ಇಯರ್‌ಬಡ್ಸ್ ಡಬ್ಬಿಯೊಳಗೆ ಹೋಗಲಿ. ಕಾರಿನಲ್ಲಿ ಕುಳಿತು ಪರೀಕ್ಷೆ ಮಾಡಬೇಡಿ, ಕರೆಯ ಧ್ವನಿಯನ್ನು ಕಾರು ಎಳೆದುಕೊಳ್ಳುತ್ತದೆ. ಎರಡನ್ನೂ ಒಮ್ಮೆ ಆಫ್ ಮಾಡಿ ಆನ್ ಮಾಡಿ. ಎಷ್ಟೋ ತೊಂದರೆಗಳು ಇಲ್ಲೇ ಮುಗಿಯುತ್ತವೆ.

ಈಗ ವಾಚ್ ಮುಟ್ಟದೆ, ಫೋನ್‌ನಿಂದಲೇ ಮನೆಯವರ ಇನ್ನೊಂದು ನಂಬರಿಗೆ ಕರೆ ಮಾಡಿ. ಇದೇ ಹೋಗದಿದ್ದರೆ ವಾಚ್‌ನ ತಪ್ಪಿಲ್ಲ. ನೆಟ್‌ವರ್ಕ್, ಸಿಮ್, ರೀಚಾರ್ಜ್ ನೋಡಿ.

ಕರೆ ಹೋಯಿತು, ಆ ಕಡೆ ಎತ್ತಿದರು. ಇಲ್ಲೇ ಮುಖ್ಯವಾದ ಗಳಿಗೆ. ಕರೆ ನಡೆಯುತ್ತಿರುವಾಗಲೇ ಫೋನ್ ಪರದೆಯ ಮೇಲೆ ಸ್ಪೀಕರ್ ಅಥವಾ ಆಡಿಯೋ ಗುಂಡಿ ಒತ್ತಿ. ಬ್ಲೂಟೂತ್ ಸಾಧನ ಇದ್ದರೆ ಅಲ್ಲಿ ಪಟ್ಟಿ ಬರುತ್ತದೆ. ನಿಮ್ಮ ವಾಚ್‌ನ ಹೆಸರು ಅದರಲ್ಲಿ ಇದೆಯೇ?

ಹೆಸರೇ ಇಲ್ಲ ಅಂದರೆ ಕ್ಲಾಸಿಕ್ ಸಂಪರ್ಕ ಕಡಿದಿದೆ. ಹೆಸರಿದೆ, ಅದನ್ನು ಒತ್ತಿದರೆ ಮಾತು ವಾಚ್‌ನಿಂದ ಚೆನ್ನಾಗಿ ಕೇಳುತ್ತದೆ ಅಂದರೆ ಧ್ವನಿಯ ದಾರಿ ಸರಿಯಿದೆ, ವಾಚ್‌ನಿಂದ ಕರೆ ಶುರುಮಾಡುವಲ್ಲಿ ತೊಂದರೆ. ಹೆಸರಿದೆ, ಒತ್ತಿದರೂ ಮೌನ ಅಂದರೆ ಧ್ವನಿಯದೇ ದೋಷ. ಈ ಮೂರರಲ್ಲಿ ನಿಮ್ಮದು ಯಾವುದು ಎಂದು ಗೊತ್ತಾದರೆ ಕೆಳಗಿನ ಒಂದೇ ಭಾಗ ಓದಿದರೆ ಸಾಕು.

ಇನ್ನೊಂದು ಸುಳಿವು ಇದೆ. ಯಾರಾದರೂ ಕರೆ ಮಾಡಿದಾಗ ವಾಚ್ ನಡುಗುತ್ತದೆ, ಹಸಿರು ಗುಂಡಿ ಒತ್ತಿದರೆ ಕರೆ ಎತ್ತಿದಂತೆಯೂ ಆಗುತ್ತದೆ, ಆದರೆ ಮಾತು ಮಾತ್ರ ಫೋನ್‌ನಿಂದಲೇ ಬರುತ್ತದೆ. ಇದನ್ನು ನೋಡಿ ಬಹಳ ಜನ ವಾಚ್‌ನ ಸ್ಪೀಕರ್ ಹೋಯಿತು ಅಂದುಕೊಳ್ಳುತ್ತಾರೆ. ಸ್ಪೀಕರ್ ಹೋಗಿರಬೇಕು ಅಂತೇನಿಲ್ಲ. ಕರೆ ಬಂದ ಸುದ್ದಿ ಮತ್ತು 'ಎತ್ತು' ಎಂಬ ಆಜ್ಞೆ ಲೋ ಎನರ್ಜಿ ದಾರಿಯಲ್ಲಿ ಹೋಗುತ್ತವೆ. ಧ್ವನಿಯ ದಾರಿ ಮುಚ್ಚಿದೆ, ಅಷ್ಟೇ.

ಪಟ್ಟಿಯಲ್ಲಿ ವಾಚ್ ಹೆಸರೇ ಇಲ್ಲದಿದ್ದರೆ

ಅಪ್ಡೇಟ್ ನಂತರ ಹೆಚ್ಚಾಗಿ ಕಾಣುವುದು ಇದೇ. ಮೊದಲು ಸುಲಭದ್ದು ನೋಡಿ. ವಾಚ್‌ನ ಸೆಟ್ಟಿಂಗ್ಸ್‌ನಲ್ಲಿ, ಅಥವಾ ಪರದೆ ಕೆಳಗೆ ಎಳೆದಾಗ ಬರುವ ಗುಂಡಿಗಳಲ್ಲಿ, ಕಾಲ್ ಬ್ಲೂಟೂತ್‌ಗೆ ಬೇರೆಯದೇ ಸ್ವಿಚ್ ಇರುತ್ತದೆ. ಬ್ಯಾಟರಿ ಉಳಿಸಲು ಅದನ್ನು ಆಫ್ ಇಡುವ ವಾಚ್‌ಗಳೂ ಇವೆ. ಅಪ್ಡೇಟ್ ಆದಾಗ ಸೆಟ್ಟಿಂಗ್ ಮೊದಲಿನಂತೆ ಆಗಿ ಅದು ಆಫ್ ಆಗಿರಬಹುದು. ಆನ್ ಮಾಡಿ.

ಆಮೇಲೆ ಆಂಡ್ರಾಯ್ಡ್ ಫೋನ್‌ನ ಬ್ಲೂಟೂತ್ ಪಟ್ಟಿಗೆ ಹೋಗಿ, ವಾಚ್ ಹೆಸರಿನ ಪಕ್ಕದ ಚಕ್ರದ ಗುರುತು ಒತ್ತಿ. ಫೋನ್ ಕಾಲ್ಸ್, ಮೀಡಿಯಾ ಆಡಿಯೋ, ಕಾಂಟ್ಯಾಕ್ಟ್ ಶೇರಿಂಗ್ ಅಂತ ಸ್ವಿಚ್‌ಗಳು ಕಾಣುತ್ತವೆ. ಫೋನ್ ಕಾಲ್ಸ್ ಆಫ್ ಆಗಿದ್ದರೆ ಕಾರಣ ಸಿಕ್ಕಿತು. ಕರೆ ಆಗುತ್ತದೆ, ಆದರೆ ಹೆಸರಿನ ಬದಲು ಬರೀ ನಂಬರ್ ಕಾಣುತ್ತದೆ ಅಂದರೆ ಕಾಂಟ್ಯಾಕ್ಟ್ ಶೇರಿಂಗ್ ನೋಡಿ.

ವಾಚ್‌ನ ಕಾಲ್ ಬ್ಲೂಟೂತ್, ಫೋನ್‌ನ ಫೋನ್ ಕಾಲ್ಸ್ ಎರಡೂ ಆನ್ ಇದ್ದರೂ ಆಗದಿದ್ದರೆ ಹಳೆಯ ಕೀ ಅಳಿಸಿ ಹೊಸದಾಗಿ ಪೇರ್ ಮಾಡಬೇಕು. ಇಲ್ಲಿ ಯಾವುದು ಮೊದಲು ಯಾವುದು ಆಮೇಲೆ ಎನ್ನುವುದು ಮುಖ್ಯ. ಬರೀ ಫೋನ್‌ನಲ್ಲಿ ಅಳಿಸಿ ಮತ್ತೆ ಸೇರಿಸಿದರೆ ವಾಚ್ ಕಡೆ ಹಳೆಯದು ಉಳಿದಿರಬಹುದು.

ಮೊದಲು ವಾಚ್‌ನ ಆ್ಯಪ್ ತೆರೆದು ಡೇಟಾ ಸಿಂಕ್ ಆಗಲು ಬಿಡಿ. ಆ ದಿನದ ಲೆಕ್ಕ ಫೋನ್‌ಗೆ ಬಂದಿರಲಿ. ನಂತರ ಆ್ಯಪ್‌ನಲ್ಲೇ ವಾಚನ್ನು ಅನ್‌ಪೇರ್ ಮಾಡಿ. ಆ್ಯಪ್ ಬಿಟ್ಟು ಬರೀ ಬ್ಲೂಟೂತ್ ಪಟ್ಟಿಯಿಂದ ತೆಗೆದರೆ ಆ್ಯಪ್ ಹಿಂದಿನಿಂದ ಮತ್ತೆ ಸಂಪರ್ಕ ಹಿಡಿಯಲು ನೋಡುತ್ತದೆ. ಅದಾದ ಮೇಲೆ ಫೋನ್‌ನ ಬ್ಲೂಟೂತ್ ಪಟ್ಟಿಯಲ್ಲಿ ಆ ವಾಚ್ ಹೆಸರಿನ ಎಲ್ಲವನ್ನೂ ಫರ್ಗೆಟ್ ಮಾಡಿ, ಎರಡು ಹೆಸರಿದ್ದರೆ ಎರಡನ್ನೂ. ಐಫೋನ್ ಇರುವವರು ಈ ಹೆಜ್ಜೆ ಬಿಡಲೇಬಾರದು. ಅಲ್ಲಿ ಆ್ಯಪ್‌ಗೆ ಬ್ಲೂಟೂತ್ ಪಟ್ಟಿಯಿಂದ ಹೆಸರು ತೆಗೆಯುವ ಅಧಿಕಾರವೇ ಇಲ್ಲ. ಸೆಟ್ಟಿಂಗ್ಸ್‌ಗೆ ಹೋಗಿ, ಹೆಸರಿನ ಪಕ್ಕದ ಐ ಗುರುತು ಒತ್ತಿ ನಾವೇ ತೆಗೆಯಬೇಕು.

ಈಗ ವಾಚ್‌ನಲ್ಲಿ ಕಾಲ್ ಬ್ಲೂಟೂತ್ ಆಫ್ ಮಾಡಿ. ಎರಡನ್ನೂ ರೀಸ್ಟಾರ್ಟ್ ಮಾಡಿ. ಸ್ವಿಚ್ ಮತ್ತೆ ಆನ್ ಮಾಡಿ, ಆ್ಯಪ್ ಮೂಲಕ ಹೊಸದಾಗಿ ಸೇರಿಸಿ. ಸ್ವಲ್ಪ ಹೊತ್ತಿಗೆ ಫೋನ್ ಪೇರ್ ಮಾಡಲೇ ಅಂತ ಇನ್ನೊಮ್ಮೆ ಕೇಳಬಹುದು. ಅದು ಕರೆಯ ದಾರಿಗೆ ಕೇಳುತ್ತಿರುವ ಒಪ್ಪಿಗೆ. ಅವಸರದಲ್ಲಿ ಅದನ್ನು ರದ್ದು ಮಾಡಿಬಿಟ್ಟರೆ ಇಷ್ಟೆಲ್ಲ ಮಾಡಿದ್ದೂ ವ್ಯರ್ಥ. ಕೇಳಲೇ ಇಲ್ಲ ಅಂದರೆ ಬ್ಲೂಟೂತ್ ಪಟ್ಟಿಯಲ್ಲಿ ಎರಡನೇ ಹೆಸರು ಹುಡುಕಿ ನೀವೇ ಪೇರ್ ಮಾಡಿ.

ಮನೆಯಲ್ಲಿ ಹಳೆಯ ಫೋನ್ ಇದೆಯಾ? ಮಕ್ಕಳು ಆಟಕ್ಕೆ ಬಳಸುವ, ಸಿಮ್ ಇಲ್ಲದ ಫೋನ್? ವಾಚ್ ಮೊದಲು ಅದರ ಜೊತೆ ಇದ್ದಿದ್ದರೆ, ಅಪ್ಡೇಟ್ ಆಗಿ ಎದ್ದ ಕೂಡಲೇ ಕರೆಯ ಸಂಪರ್ಕವನ್ನು ಅದರ ಜೊತೆ ಮಾಡಿಕೊಂಡಿರಬಹುದು. ಮೆಸೇಜ್ ಹೊಸ ಫೋನ್‌ನಿಂದ, ಧ್ವನಿ ಹಳೆಯ ಫೋನ್‌ಗೆ. ಹಳೆಯದರ ಬ್ಲೂಟೂತ್ ಆಫ್ ಮಾಡಿ ನೋಡಿ.

ಇಷ್ಟಾದರೂ ಹೆಸರು ಬರದಿದ್ದರೆ ಮನೆಯ ಬೇರೆ ಫೋನ್‌ಗೆ ವಾಚನ್ನು ಪೇರ್ ಮಾಡಿ ಒಂದು ಕರೆ ಮಾಡಿ. ಅದರಲ್ಲಿ ಸರಿಯಾಗಿ ಆದರೆ ದೋಷ ನಿಮ್ಮ ಫೋನ್‌ನಲ್ಲಿದೆ. ಆಗ ಫೋನ್‌ನ ರೀಸೆಟ್ ಆಯ್ಕೆಗಳಲ್ಲಿ ವೈಫೈ ಮತ್ತು ಬ್ಲೂಟೂತ್ ಮಾತ್ರ ರೀಸೆಟ್ ಮಾಡುವುದು ಇರುತ್ತದೆ, ಅದನ್ನು ಬಳಸಿ. ಫೋಟೋ, ಆ್ಯಪ್ ಏನೂ ಹೋಗುವುದಿಲ್ಲ. ವೈಫೈ ಪಾಸ್‌ವರ್ಡ್‌ಗಳು ಹೋಗುತ್ತವೆ, ಮೊದಲೇ ಬರೆದಿಟ್ಟುಕೊಳ್ಳಿ. ಎರಡು ಫೋನ್‌ನಲ್ಲೂ ಆಗದಿದ್ದರೆ ತೊಂದರೆ ವಾಚ್‌ನದು. ಫ್ಯಾಕ್ಟರಿ ರೀಸೆಟ್‌ಗೆ ಈಗ ಕಾರಣ ಇದೆ, ಮಾಡಿ.

ವಾಚ್‌ನಿಂದ ಕರೆ ಹೋಗುವುದೇ ಇಲ್ಲ

ಧ್ವನಿಯ ದಾರಿ ಸರಿಯಿದ್ದೂ ವಾಚ್‌ನಿಂದ ನಂಬರ್ ಒತ್ತಿದಾಗ ಕರೆ ವಿಫಲ ಆಗುತ್ತಿದ್ದರೆ, ಒತ್ತಿದ ತಕ್ಷಣ ಫೋನ್‌ನ ಪರದೆ ನೋಡಿ. ವಾಚ್ ನೋಡಬೇಡಿ, ಫೋನ್ ನೋಡಿ.

ನಮ್ಮಲ್ಲಿ ಎರಡು ಸಿಮ್ ಇರುವ ಫೋನ್ ಸಾಮಾನ್ಯ. ಕರೆಗೆ ಯಾವ ಸಿಮ್ ಎಂದು 'ಪ್ರತಿ ಸಲ ಕೇಳು' ಅಂತ ಇಟ್ಟಿರುತ್ತೇವೆ. ವಾಚ್‌ನಿಂದ ಕರೆ ಮಾಡಿದಾಗ ಆ ಪ್ರಶ್ನೆ ಬರುವುದು ಫೋನ್ ಪರದೆಯ ಮೇಲೆ. ಫೋನ್ ಜೇಬಿನಲ್ಲಿರುತ್ತದೆ, ಉತ್ತರ ಕೊಡುವವರಿಲ್ಲ, ಕರೆ ಅಲ್ಲೇ ನಿಲ್ಲುತ್ತದೆ. ಫೋನ್‌ಗೆ ಅಪ್ಡೇಟ್ ಆದಾಗಲೋ ಸಿಮ್ ತೆಗೆದು ಹಾಕಿದಾಗಲೋ ಈ ಆಯ್ಕೆ ಬದಲಾಗಿರಬಹುದು. ಸಿಮ್ ಸೆಟ್ಟಿಂಗ್ಸ್‌ಗೆ ಹೋಗಿ ಕರೆಗೆ ಒಂದು ಸಿಮ್ ಖಾಯಂ ಮಾಡಿ. ಕಸ್ಟಮರ್ ಕೇರ್‌ನವರು ಇದನ್ನು ಒಮ್ಮೆಯೂ ಕೇಳದೆ ರೀಸೆಟ್ ಹೇಳುವುದು ನನಗೆ ನಿಜಕ್ಕೂ ಬೇಸರ ತರಿಸುತ್ತದೆ. ಅರ್ಧ ನಿಮಿಷದ ಕೆಲಸ ಇದು.

ನಂತರ ಪರ್ಮಿಷನ್. ವಾಚ್‌ನ ಆ್ಯಪ್‌ಗೆ ಫೋನ್, ಕಾಂಟ್ಯಾಕ್ಟ್ಸ್, ಕಾಲ್ ಲಾಗ್, ನೋಟಿಫಿಕೇಶನ್ ಈ ನಾಲ್ಕೂ ಸಿಕ್ಕಿವೆಯೇ ನೋಡಿ. ಆಂಡ್ರಾಯ್ಡ್ 12ರಿಂದ ನಿಯರ್‌ಬೈ ಡಿವೈಸಸ್ ಅಂತ ಇನ್ನೊಂದು ಸೇರಿದೆ. ಅದಿಲ್ಲದೆ ಆ್ಯಪ್ ಬ್ಲೂಟೂತ್ ಮುಟ್ಟುವಂತೆಯೇ ಇಲ್ಲ. ಫೋನ್‌ಗೆ ದೊಡ್ಡ ಅಪ್ಡೇಟ್ ಬಂದು ಹೊಸ ಆಂಡ್ರಾಯ್ಡ್‌ಗೆ ಹೋದವರು ಇದನ್ನು ಮೊದಲು ನೋಡಬೇಕು. ಕರೆ ಮಾಡಿದವರ ಹೆಸರೂ ಇಲ್ಲ, ನಂಬರೂ ಇಲ್ಲ ಅಂದರೆ ಕಾಲ್ ಲಾಗ್ ಪರ್ಮಿಷನ್ ಇಲ್ಲ ಅಂತ ಅನುಮಾನ ಪಡಿ. ಆಂಡ್ರಾಯ್ಡ್ 9ರಿಂದ ನಂಬರ್ ತಿಳಿಯಲು ಆ್ಯಪ್‌ಗೆ ಆ ಅನುಮತಿ ಬೇಕು.

ಬಹಳ ದಿನ ತೆರೆಯದ ಆ್ಯಪ್‌ಗೆ ಕೊಟ್ಟ ಪರ್ಮಿಷನ್‌ಗಳನ್ನು ಆಂಡ್ರಾಯ್ಡ್ 11ರಿಂದ ಫೋನ್ ತಾನೇ ಹಿಂದಕ್ಕೆ ಪಡೆಯುತ್ತದೆ. ಆ್ಯಪ್ ಇನ್ಫೋ ಪುಟದ ಕೆಳಗಡೆ ಇದಕ್ಕೊಂದು ಸ್ವಿಚ್ ಇದೆ. ವಾಚ್ ಆ್ಯಪ್ ಮಟ್ಟಿಗೆ ಅದನ್ನು ಆಫ್ ಮಾಡಿಡುವುದು ಒಳ್ಳೆಯದು.

ಕರೆ ಮಾಡಲು ಫೋನ್‌ನ ಸ್ವಂತ ಆ್ಯಪ್ ಬದಲು ಬೇರೆಯದನ್ನು ಡಿಫಾಲ್ಟ್ ಮಾಡಿಕೊಂಡಿದ್ದೀರಾ? ಪರೀಕ್ಷೆಗೆ ಮಾತ್ರ ಹಳೆಯದಕ್ಕೆ ಬದಲಿಸಿ ನೋಡಿ. ಇನ್ನೊಂದು ಮಾತು, ಪರೀಕ್ಷೆಯನ್ನು ಯಾವಾಗಲೂ ಸಾಮಾನ್ಯ ಸಿಮ್ ಕರೆಯಲ್ಲೇ ಮಾಡಿ. ವಾಟ್ಸಾಪ್ ಕರೆ ಇಂಟರ್ನೆಟ್ ಮೇಲೆ ಹೋಗುವಂಥದ್ದು. ಅದನ್ನು ವಾಚ್‌ನಿಂದ ಮಾಡುವ ಸೌಲಭ್ಯ ಎಷ್ಟೋ ವಾಚ್‌ಗಳಲ್ಲಿ ಮೊದಲಿನಿಂದಲೂ ಇಲ್ಲ.

ಕರೆ ಬಂದಾಗ ವಾಚ್ ಸುಮ್ನೆ ಇದ್ದರೆ

ಡು ನಾಟ್ ಡಿಸ್ಟರ್ಬ್ ನೋಡಿ, ಫೋನ್‌ನಲ್ಲೂ ವಾಚ್‌ನಲ್ಲೂ. ಫೋನ್‌ನಲ್ಲಿ ಆನ್ ಮಾಡಿದರೆ ವಾಚ್‌ಗೂ ಹರಡುವಂತೆ ಎಷ್ಟೋ ವಾಚ್‌ಗಳಲ್ಲಿ ವ್ಯವಸ್ಥೆ ಇದೆ. ಅದು ಸರಿಯಿದ್ದರೆ, ಬ್ಯಾಟರಿ ಉಳಿಸುವ ನೆಪದಲ್ಲಿ ಫೋನ್ ನಿಮ್ಮ ವಾಚ್ ಆ್ಯಪ್ ಅನ್ನು ಮಲಗಿಸಿರಬಹುದು. ಶವೋಮಿ, ರೆಡ್ಮಿ ಫೋನ್‌ಗಳಲ್ಲಿ ಆಟೋಸ್ಟಾರ್ಟ್ ಆನ್ ಮಾಡಿ. ಒಪ್ಪೋ, ರಿಯಲ್‌ಮಿಗಳಲ್ಲಿ ಆಟೋ ಲಾಂಚ್ ನೋಡಿ. ಸ್ಯಾಮ್‌ಸಂಗ್‌ನಲ್ಲಿ ಸ್ಲೀಪಿಂಗ್ ಆ್ಯಪ್ಸ್ ಪಟ್ಟಿಯಿಂದ ತೆಗೆಯಿರಿ. ಯಾವ ಫೋನ್ ಆದರೂ ಆ ಆ್ಯಪ್‌ಗೆ ಬ್ಯಾಟರಿ ನಿರ್ಬಂಧ ಬೇಡ. ಆ್ಯಪ್ ತೆರೆದಾಗ ಮಾತ್ರ ಎಲ್ಲ ಸರಿ, ಪರದೆ ಆಫ್ ಆಗಿ ಸ್ವಲ್ಪ ಹೊತ್ತಾದ ಮೇಲೆ ಏನೂ ಬರುವುದಿಲ್ಲ ಅಂದರೆ ಕಾರಣ ಇದೇ.

ಕರೆ ಆಗುತ್ತದೆ, ಮಾತು ಕೇಳುವುದಿಲ್ಲ

ನಿಮಗೆ ಕೇಳುತ್ತಿಲ್ಲವೋ, ಆ ಕಡೆಯವರಿಗೆ ಕೇಳುತ್ತಿಲ್ಲವೋ ಎಂದು ಮೊದಲು ಬೇರೆ ಮಾಡಿ. ನಿಮಗೆ ಕೇಳದಿದ್ದರೆ ಕರೆ ನಡೆಯುತ್ತಿರುವಾಗ ವಾಚ್‌ನ ಧ್ವನಿ ಏರಿಸಿ. ಕರೆಯ ಧ್ವನಿ ಬೇರೆ, ರಿಂಗ್‌ಟೋನ್ ಧ್ವನಿ ಬೇರೆ. ಅಪ್ಡೇಟ್ ಆದಾಗ ಒಂದು ಮಾತ್ರ ಸೊನ್ನೆಗೆ ಇಳಿದಿರಬಹುದು. ಆ ಕಡೆಗೆ ಕೇಳದಿದ್ದರೆ ವಾಚ್‌ನ ವಾಯ್ಸ್ ಅಸಿಸ್ಟೆಂಟ್ ತೆರೆದು ಏನಾದರೂ ಮಾತಾಡಿ. ಅದು ಅರ್ಥ ಮಾಡಿಕೊಂಡರೆ ಮೈಕ್ ಚೆನ್ನಾಗಿದೆ, ಕರೆಯ ಸಂಪರ್ಕದಲ್ಲೇ ತೊಂದರೆ. ಮೇಲೆ ಹೇಳಿದಂತೆ ಹೊಸದಾಗಿ ಪೇರ್ ಮಾಡಿ. ಅದಕ್ಕೂ ಕೇಳದಿದ್ದರೆ ಮೈಕ್ ರಂಧ್ರ ನೋಡಿ. ಬೆವರು, ಧೂಳು, ಸೋಪಿನ ಪದರ ಕಟ್ಟಿಕೊಳ್ಳುತ್ತದೆ. ಹೊಸದಾಗಿ ಹಾಕಿದ ಕವರ್ ಅದನ್ನು ಮುಚ್ಚಿರಬಹುದು. ಒಣಗಿದ ಮೃದು ಬ್ರಷ್‌ನಲ್ಲಿ ತಿಕ್ಕಿ. ಸೂಜಿ, ಪಿನ್ನು ಹಾಕಲೇಬೇಡಿ, ಒಳಗಿನ ತೆಳು ಪೊರೆ ಹರಿದರೆ ನೀರು ಒಳಗೆ ಹೋಗುತ್ತದೆ. ಈಜಿ ಬಂದಿದ್ದರೆ ವಾಟರ್ ಲಾಕ್ ತೆಗೆದು, ಒಣಗಲು ಬಿಟ್ಟು ಆಮೇಲೆ ನೋಡಿ.

ಆ್ಯಪಲ್ ವಾಚ್, ಇ-ಸಿಮ್ ವಾಚ್

ಆ್ಯಪಲ್ ವಾಚ್‌ನಲ್ಲಿ ಎರಡು ಹೆಸರಿನ ಗೊಂದಲ ಇಲ್ಲ. ಇಲ್ಲಿ ನೋಡಬೇಕಾದ್ದು ಫೋನ್ ಮತ್ತು ವಾಚ್‌ನ ಆವೃತ್ತಿ. ವಾಚ್‌ಓಎಸ್ 10ಕ್ಕೆ ಐಓಎಸ್ 17 ಬೇಕು, ವಾಚ್‌ಓಎಸ್ 11ಕ್ಕೆ ಐಓಎಸ್ 18. ಹಾಗಾಗಿ ಮೊದಲು ಫೋನ್, ಆಮೇಲೆ ವಾಚ್. ಹಳೆಯ ಆವೃತ್ತಿಗೆ ನಾವೇ ವಾಪಸ್ ಹೋಗಲು ಆ್ಯಪಲ್ ವಾಚ್‌ನಲ್ಲಿ ದಾರಿ ಇಲ್ಲ. ಮುಂದಿನ ಸಣ್ಣ ಅಪ್ಡೇಟ್ ಬಂದಿದೆಯೇ ಎಂದು ಆಗಾಗ ನೋಡುವುದೇ ಸರಿ. ಐಫೋನ್‌ನಿಂದ ಅನ್‌ಪೇರ್ ಮಾಡಿದಾಗ ಬ್ಯಾಕಪ್ ತಾನಾಗಿ ಆಗುತ್ತದೆ, ಭಯ ಬೇಡ. ಆದರೆ ಸೆಲ್ಯುಲಾರ್, ಅಂದರೆ ಇ-ಸಿಮ್ ಇರುವ ವಾಚ್ ಆಗಿದ್ದರೆ ಪ್ಲಾನ್ ಉಳಿಸಬೇಕೇ ತೆಗೆಯಬೇಕೇ ಅಂತ ಕೇಳುತ್ತದೆ. ಅದೇ ವಾಚನ್ನು ಅದೇ ಫೋನ್‌ಗೆ ಮತ್ತೆ ಸೇರಿಸುವುದಾದರೆ ಉಳಿಸಿ ಅನ್ನಿ.

ಭಾರತದಲ್ಲಿ ಸೆಲ್ಯುಲಾರ್ ಆ್ಯಪಲ್ ವಾಚ್ 2018ರಲ್ಲಿ ಜಿಯೋ ಮತ್ತು ಏರ್‌ಟೆಲ್ ಜೊತೆ ಬಂತು. ಇಂಥ ವಾಚ್ ಪರೀಕ್ಷಿಸುವಾಗ ಒಂದು ವಿಷಯ ನೆನಪಿರಲಿ. ಫೋನ್ ಹತ್ತಿರ ಇದ್ದರೆ ಕರೆ ಫೋನ್ ಮೂಲಕವೇ ಹೋಗುತ್ತದೆ. ಇ-ಸಿಮ್ ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ಫೋನ್ ಪೂರ್ತಿ ಆಫ್ ಮಾಡಿ, ಆಮೇಲೆ ವಾಚ್‌ನಿಂದ ಕರೆ ಮಾಡಿ. ಫೋನ್ ಇದ್ದಾಗ ಸರಿ, ಇಲ್ಲದಾಗ ಆಗುವುದಿಲ್ಲ ಅಂದರೆ ಬ್ಲೂಟೂತ್ ಜೊತೆ ಗುದ್ದಾಡಬೇಡಿ, ನೆಟ್‌ವರ್ಕ್ ಕಂಪನಿಯನ್ನು ಕೇಳಿ. ವಿದೇಶದಿಂದ ಮಗನೋ ಮಗಳೋ ತಂದುಕೊಟ್ಟ ಸೆಲ್ಯುಲಾರ್ ವಾಚ್ ಇಲ್ಲಿನ ನೆಟ್‌ವರ್ಕ್‌ಗೆ ಹೊಂದದೇ ಇರಬಹುದು. ಅದು ಅಪ್ಡೇಟ್‌ನ ತಪ್ಪಲ್ಲ. ಬ್ಲೂಟೂತ್ ಕರೆ ಅದರಲ್ಲೂ ಆಗುತ್ತದೆ.

ಗ್ಯಾಲಕ್ಸಿ ವಾಚ್‌ನಂಥ ವೇರ್ ಓಎಸ್ ವಾಚ್ ಇರುವವರು ಅನ್‌ಪೇರ್ ಮಾಡುವ ಮುಂಚೆ ಆ್ಯಪ್‌ನಲ್ಲಿ ಬ್ಯಾಕಪ್ ಆಗಿದೆಯೇ ನೋಡಿಕೊಳ್ಳಿ.

ಅಪ್ಪ ಅಮ್ಮನ ವಾಚ್ ಆಗಿದ್ದರೆ

ಊರಲ್ಲಿ ಒಬ್ಬರೇ ಇರುವ ಅಪ್ಪನಿಗೋ ಅಮ್ಮನಿಗೋ ತುರ್ತಿಗೆ ಒತ್ತುವ ಎಸ್‌ಓಎಸ್ ಗುಂಡಿ ಇರುವ ವಾಚ್ ಕೊಡಿಸಿ, ನಾವು ಬೆಂಗಳೂರಿನಲ್ಲೋ ಇನ್ನೂ ದೂರದಲ್ಲೋ ಧೈರ್ಯವಾಗಿ ಇರುತ್ತೇವೆ. ಆ ಗುಂಡಿ ಒತ್ತಿದಾಗ ಹೋಗುವ ಕರೆಯೂ ಸಿಮ್ ಇಲ್ಲದ ವಾಚ್‌ಗಳಲ್ಲಿ ಫೋನ್ ಮೂಲಕವೇ ಹೋಗಬೇಕು. ವಾಚ್ ತಾನಾಗಿ ಅಪ್ಡೇಟ್ ಆಗಿ ಸಂಪರ್ಕ ಕಡಿದರೆ ಅವರಿಗೆ ಗೊತ್ತೇ ಆಗುವುದಿಲ್ಲ. ಟೈಮ್ ತೋರಿಸುತ್ತಿದೆ, ಮೆಸೇಜ್ ಬರುತ್ತಿದೆ, ಸರಿಯಾಗಿಯೇ ಇದೆ ಅಂದುಕೊಂಡಿರುತ್ತಾರೆ. ದಯವಿಟ್ಟು ಅವರ ವಾಚ್‌ನಲ್ಲಿ ಆಟೋ ಅಪ್ಡೇಟ್ ಆಫ್ ಮಾಡಿ. ನೀವು ಊರಿಗೆ ಹೋದಾಗ ಕೈಯಾರೆ ಅಪ್ಡೇಟ್ ಮಾಡಿ, ಎಸ್‌ಓಎಸ್ ನಂಬರ್ ಯಾರದ್ದೋ ಅವರಿಗೆ ಮೊದಲೇ ತಿಳಿಸಿ, ಗುಂಡಿ ಒತ್ತಿಸಿ ನೋಡಿ. ಪರೀಕ್ಷೆಗೆ 112ಕ್ಕೆ ಕರೆ ಹೋಗದಂತೆ ಎಚ್ಚರ ಇರಲಿ. ಫೋನ್ ಎಲ್ಲಿಡುತ್ತಾರೆ ಎಂದೂ ಗಮನಿಸಿ. ಬ್ಲೂಟೂತ್ ಸಾಮಾನ್ಯವಾಗಿ 10 ಮೀಟರ್‌ವರೆಗೆ ತಲುಪುತ್ತದೆ, ನಡುವೆ ದಪ್ಪ ಗೋಡೆ ಇದ್ದರೆ ಇನ್ನೂ ಕಡಿಮೆ. ನಡುಮನೆಯಲ್ಲಿ ಚಾರ್ಜ್‌ಗೆ ಇಟ್ಟ ಫೋನ್ ಹಿತ್ತಲಿನ ಬಚ್ಚಲುಮನೆಗೆ ಸಿಗುತ್ತದೆಯೇ ಎಂದು ಅಲ್ಲೇ ನಿಂತು ಕರೆ ಮಾಡಿ ನೋಡಿ.

ಸರ್ವಿಸ್ ಸೆಂಟರ್‌ಗೆ ಹೋಗುವಾಗ

ಎಲ್ಲ ಮಾಡಿಯೂ ಆಗದಿದ್ದರೆ ಹೋಗಲೇಬೇಕು. 'ಕಾಲ್ ಆಗ್ತಿಲ್ಲ' ಅಂತಷ್ಟೇ ಹೇಳಿದರೆ ಮತ್ತೆ ರೀಸೆಟ್ ಮಾಡಿ ಕಳಿಸುತ್ತಾರೆ. ವಾಚ್‌ನ ಸಾಫ್ಟ್‌ವೇರ್ ಆವೃತ್ತಿ, ಫೋನ್‌ನ ಮಾಡೆಲ್, ಅಪ್ಡೇಟ್ ಆದ ದಿನಾಂಕ ಬರೆದುಕೊಂಡು ಹೋಗಿ. ಕರೆ ನಡೆಯುವಾಗ ಆಡಿಯೋ ಪಟ್ಟಿಯಲ್ಲಿ ವಾಚ್ ಹೆಸರು ಬರುತ್ತದೋ ಇಲ್ಲವೋ ಅದರ ಸ್ಕ್ರೀನ್‌ಶಾಟ್ ಇರಲಿ. ಎರಡು ಬೇರೆ ಫೋನ್‌ನಲ್ಲಿ ಪರೀಕ್ಷಿಸಿದ್ದೇನೆ ಅಂತ ಹೇಳಿ. ಇಷ್ಟಿದ್ದರೆ ಅವರಿಗೂ ಕೆಲಸ ಸುಲಭ.

ವಾರಂಟಿ ಒಳಗಿದ್ದು, ಕಂಪನಿಯೇ ಕಳಿಸಿದ ಅಪ್ಡೇಟ್‌ನಿಂದ ಕರೆ ನಿಂತಿದ್ದರೆ ದುಡ್ಡು ಕೇಳುವುದು ನ್ಯಾಯವಲ್ಲ. ದೂರು ನಂಬರ್ ಪಡೆಯಿರಿ. ಸ್ಪಂದಿಸದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಬಿಲ್ ಮತ್ತು ಆ ದೂರು ನಂಬರ್ ಕೈಯಲ್ಲಿರಲಿ. ರಿಪೇರಿ ಆಗಿ ಬಂದ ವಾಚನ್ನು ಕೌಂಟರ್‌ನಲ್ಲೇ ನಿಮ್ಮ ಫೋನ್‌ಗೆ ಪೇರ್ ಮಾಡಿ. ಒಂದು ಕರೆ ಮಾಡಿ, ಒಂದು ಕರೆ ಎತ್ತಿ, ಎರಡೂ ಕಡೆ ಮಾತು ಕೇಳಿದ ಮೇಲೆಯೇ ಸಹಿ ಹಾಕಿ.